ಸಾಗರ ದಾಟಲು 42 ಅಡಿಯ ಮೋಟಾರ್ ದೋಣಿ: ಕೆಲಸ ಎಲ್ಲಿಂದ ಆರಂಭಿಸಬೇಕು?

ತೆರೆಮಿತ್ರ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಡೀಸೆಲ್ ಇಂಜಿನ್‌ಗಳಿರುವ 42 ಅಡಿ ಉದ್ದದ ಫೈಬರ್ ದೋಣಿಯೊಂದಿದೆ. ನೀರಿನ ಮಟ್ಟದಲ್ಲಿ ಅಳೆದರೆ ಉದ್ದ 38 ಅಡಿ, ತೂಕ ಸುಮಾರು 14 ಟನ್. ಎರಡು ಟ್ಯಾಂಕ್‌ಗಳು ಸೇರಿ 1,600 ಲೀಟರ್ ಡೀಸೆಲ್ ಹಿಡಿಯುತ್ತವೆ. ಇಂಜಿನ್‌ಗಳು ತಲಾ 350 ಅಶ್ವಶಕ್ತಿಯವು, ಅವಸರವಿದ್ದರೆ 18 ನಾಟ್ ವೇಗ ಕೊಡುತ್ತವೆ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). ದೋಣಿಯ ಮುಂಭಾಗ ಚೂಪಾಗಿಯೂ ಆಳವಾಗಿಯೂ ಇದೆ, ಹಿಂಭಾಗ ಅಗಲವಾಗಿ ಚಪ್ಪಟೆಯಾಗಿದೆ. ಹತ್ತು ವರ್ಷಗಳಿಂದ ಕರಾವಳಿಯುದ್ದಕ್ಕೂ ಓಡಾಡಿದ್ದೇನೆ. ಒಂದೆರಡು ಬಾರಿ ರಾತ್ರಿಯಿಡೀ ಪಯಣಿಸಿದ್ದೂ ಉಂಟು.

ಕ್ಯಾನರಿ ದ್ವೀಪಗಳಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಸ್ವಂತ ದೋಣಿಯಲ್ಲೇ ಹೋಗಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕಾಗಿ ಮೂರು ಕೆಲಸಗಳನ್ನು ಯೋಚಿಸಿದ್ದೇನೆ: ಹಿಂಬದಿಯ ಡೆಕ್ ಮೇಲೆ ಮಡಚಬಹುದಾದ ರಬ್ಬರ್ ಚೀಲಗಳಲ್ಲಿ ಹೆಚ್ಚುವರಿ ಡೀಸೆಲ್ ತುಂಬಿಕೊಳ್ಳುವುದು, ಉರುಳಾಟ ತಡೆಯಲು ಗೈರೋ (ವೇಗವಾಗಿ ತಿರುಗುವ ಭಾರದ ಚಕ್ರವಿರುವ ಯಂತ್ರ) ಕೂರಿಸುವುದು, ಹಳೆಯ ಇಂಜಿನ್‌ಗಳನ್ನು ತೆಗೆದು ಹೊಸದನ್ನು ಹಾಕುವುದು. ಈ ಮೂರರಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ನಿಧಾನಯಾನಿ ಬರೆದಿದ್ದಾರೆ:

ತೆರೆಮಿತ್ರ ಅವರೇ, ಮೂರಕ್ಕೂ ಈಗಲೇ ಕೈ ಹಾಕಬೇಡಿ. ನಿಮ್ಮ ದೋಣಿ ನಿಧಾನವಾಗಿ ಹೋಗುವಾಗ ಒಂದು ನಾಟಿಕಲ್ ಮೈಲಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದು ಗೊತ್ತಾಗುವವರೆಗೆ ಉಳಿದೆಲ್ಲವೂ ಊಹೆಯ ಮೇಲೆ ಮಾಡುವ ಖರ್ಚು.

ಮೋಟಾರ್ ದೋಣಿಗೆ ಸಾಗರದಲ್ಲಿ ಎದುರಾಗುವ ಮೊದಲ ಶತ್ರು ಅಲೆಯಲ್ಲ, ದೂರ. 1902ರಲ್ಲಿ 'ಏಬಿಯಲ್ ಆಬಟ್ ಲೋ' ಎಂಬ 38 ಅಡಿಯ ದೋಣಿ ಸೀಮೆಎಣ್ಣೆ ಇಂಜಿನ್‌ನ ಬಲದಿಂದ ನ್ಯೂಯಾರ್ಕ್‌ನಿಂದ ಇಂಗ್ಲೆಂಡಿನ ಫಾಲ್ಮತ್‌ಗೆ ತಲುಪಿತು. 1921–22ರಲ್ಲಿ 98 ಅಡಿಯ 'ಸ್ಪೀಜಾಕ್ಸ್' ಭೂಮಿಯನ್ನೇ ಸುತ್ತಿ ಬಂತು. ಆದರೆ ಅಷ್ಟು ದೊಡ್ಡ ದೋಣಿಯನ್ನೂ ಪೆಸಿಫಿಕ್‌ನ ಒಂದು ಭಾಗದಲ್ಲಿ ಹಡಗಿಗೆ ಕಟ್ಟಿ ಎಳೆಸಬೇಕಾಯಿತು, ಏಕೆಂದರೆ ಅದು ಹೊತ್ತ ಇಂಧನ ಅಷ್ಟು ದೂರಕ್ಕೆ ಸಾಲುತ್ತಿರಲಿಲ್ಲ. ಚಿಕ್ಕ ದೋಣಿ ದಾಟಿದ್ದು ನಿಧಾನವಾಗಿ ಹೋದದ್ದರಿಂದ.

ಲೆಕ್ಕ ಸರಳವಾಗಿದೆ. ನೀರಿನ ಮಟ್ಟದ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ದೋಣಿ ತಾನೇ ಎಬ್ಬಿಸಿದ ಅಲೆಯ ಜೊತೆ ಗುದ್ದಾಡಲು ಆರಂಭಿಸುವ ವೇಗ ಸಿಗುತ್ತದೆ. ನಿಮ್ಮ 38 ಅಡಿಗೆ ಅದು ಸುಮಾರು 8.3 ನಾಟ್. ಸಾಗರಯಾನದಲ್ಲಿ ಯಾರೂ ಆ ಅಂಚಿನವರೆಗೆ ಹೋಗುವುದಿಲ್ಲ, 1.34ರ ಜಾಗದಲ್ಲಿ 1.0 ಅಥವಾ 1.1 ಇಟ್ಟುಕೊಳ್ಳುತ್ತಾರೆ, ಅಂದರೆ ನಿಮಗೆ 6.2ರಿಂದ 6.8 ನಾಟ್. ಈ ಮಿತಿಯ ಹತ್ತಿರ ಅರ್ಧ ನಾಟ್ ಹೆಚ್ಚಿಸಿದರೂ ಡೀಸೆಲ್ ಖರ್ಚು ಹೇಗೆ ಜಿಗಿಯುತ್ತದೆ ಎಂಬುದನ್ನು ನೀವೇ ಅಳೆದು ನೋಡಿ. ಅಲೆಯಿಲ್ಲದ ದಿನ, ಒಂದೇ ದಾರಿಯಲ್ಲಿ ಹೋಗಿ ಬಂದು, 6, 7, 8 ನಾಟ್‌ಗಳಲ್ಲಿ ತಲಾ ಎರಡು ಗಂಟೆ ಓಡಿಸಿ. ಟ್ಯಾಂಕ್‌ನಿಂದ ಹೊರಟ ಡೀಸೆಲ್‌ನಿಂದ, ಇಂಜಿನ್ ಸುಡದೆ ಮರಳಿ ಟ್ಯಾಂಕ್‌ಗೆ ಕಳಿಸಿದ್ದನ್ನು ಕಳೆದು ಬರೆದುಕೊಳ್ಳಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ.

ಇಂಜಿನ್‌ಕೋಣೆ ಬರೆದಿದ್ದಾರೆ:

ನಿಧಾನಯಾನಿಯವರ ಮಾತಿಗೆ ನನ್ನ ಸಹಮತವಿದೆ. ಡೀಸೆಲ್ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು ಅದು ಎಷ್ಟು ಶುದ್ಧವಾಗಿದೆ ಎಂಬುದು, ಮತ್ತು ಕರಾವಳಿಯಲ್ಲಿ ಹತ್ತು ವರ್ಷ ತೊಂದರೆ ಕೊಡದ ಟ್ಯಾಂಕ್ ಸಾಗರದಲ್ಲಿ ಎರಡನೆಯ ದಿನವೇ ತೊಂದರೆ ಕೊಡಬಹುದು.

ಬರ್ಮುಡಾದಿಂದ ಅಟ್ಲಾಂಟಿಕ್ ನಡುವಿನ ಅಝೋರ್ಸ್ ದ್ವೀಪಗಳ ಹೋರ್ಟಾ ಬಂದರಿಗೆ ಹೊರಟ 46 ಅಡಿಯ ದೋಣಿಯೊಂದರಲ್ಲಿ ನಾನು ಇಂಜಿನ್ ನೋಡಿಕೊಳ್ಳುವವನಾಗಿ ಹೋಗಿದ್ದೆ. ಹೊರಡುವ ಮುನ್ನ ಟ್ಯಾಂಕ್ ಶುಚಿ ಮಾಡಿಸಿದ್ದೇವೆಂದು ಮಾಲೀಕರು ಹೇಳಿದ್ದರು. ಕೆಲಸ ಮಾಡಿದವರು ಮೇಲಿನ ಮುಚ್ಚಳ ತೆಗೆದು ಕೈಗೆ ಎಟುಕಿದಷ್ಟನ್ನು ಒರೆಸಿದ್ದರೆಂಬುದು ಆಮೇಲೆ ತಿಳಿಯಿತು. ಮೂರನೆಯ ರಾತ್ರಿ ಅಲೆ ಏರಿತು. ನಸುಕಿನ ಮೂರು ಗಂಟೆಗೆ ನೋಡಿದರೆ ಫಿಲ್ಟರ್ ಕಟ್ಟಿಕೊಂಡಂತೆ ಏರುವ, ಅದರ ಮೇಲಿನ ನಿರ್ವಾತ ಗೇಜಿನ ಮುಳ್ಳು ಹಸಿರು ಬಿಟ್ಟು ಕೆಂಪಿನ ಅಂಚಿಗೆ ಬಂದಿತ್ತು. ಅಕ್ಕಪಕ್ಕ ಎರಡು ಫಿಲ್ಟರ್ ಇದ್ದು ನಡುವೆ ತಿರುಗುವ ವಾಲ್ವ್ ಇದ್ದುದರಿಂದ ಇಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ಬದಲಿಸಿದೆ. ಕೊಳೆತ ಫಿಲ್ಟರ್ ಬಿಚ್ಚಿದಾಗ ಅದರ ಕಾಗದದ ಮಡಿಕೆಗಳ ನಡುವೆ ಕಾಫಿ ಗಸಿಯಂಥ ಕಪ್ಪು ಲೋಳೆ ತುಂಬಿಕೊಂಡು ಮಡಿಕೆಗಳೇ ಕಾಣುತ್ತಿರಲಿಲ್ಲ. ಕೆಳಗಿನ ಗಾಜಿನ ಬಟ್ಟಲಿನಲ್ಲಿ ಎರಡು ಬೆರಳಿನಷ್ಟು ನೀರು ನಿಂತಿತ್ತು. ಬೆಳಗಾಗುವುದರೊಳಗೆ ಮತ್ತೆ ಎರಡು ಬಾರಿ ಬದಲಿಸಬೇಕಾಯಿತು. ಒಂದೇ ಫಿಲ್ಟರ್ ಇದ್ದಿದ್ದರೆ ಪ್ರತಿ ಬಾರಿಯೂ ಇಂಜಿನ್ ನಿಂತು, ದೋಣಿ ಅಲೆಗೆ ಅಡ್ಡ ತಿರುಗಿ, ಆ ಉರುಳಾಟದಲ್ಲೇ ನಾನು ಡೀಸೆಲ್ ಕೊಳವೆಗಳಿಂದ ಗಾಳಿ ತೆಗೆಯುತ್ತ ಕೂರಬೇಕಾಗುತ್ತಿತ್ತು.

ಕಾರಣ ಇಷ್ಟೇ: ಟ್ಯಾಂಕ್‌ನಲ್ಲಿ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತದೆ, ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಶಾಂತ ನೀರಿನಲ್ಲಿ ತಳದಲ್ಲೇ ಕೂತಿರುವ ಆ ಗಸಿಯನ್ನು ಸಾಗರದ ಅಲೆ ಕಲಕಿ ಕೊಳವೆಯೊಳಗೆ ಕಳಿಸುತ್ತದೆ.

ಆದ್ದರಿಂದ ಹೊಸ ಇಂಜಿನ್ ಕೊಳ್ಳುವ ಹಣವನ್ನು ಉಳಿಸಿ. ಟ್ಯಾಂಕ್‌ನೊಳಗಿನ ಪ್ರತಿ ಕೋಣೆಗೂ ಕೈ ಹೋಗುವಂತೆ ಮುಚ್ಚಳಗಳನ್ನು ಮಾಡಿಸಿ, ಪೂರ್ತಿ ತೊಳೆಸಿ. ಎರಡೆರಡು ಫಿಲ್ಟರ್‌ಗಳನ್ನು ಗೇಜ್ ಸಮೇತ ಹಾಕಿಸಿ. ಸಾಧ್ಯವಾದರೆ ಇಂಜಿನ್‌ಗಿಂತ ಎತ್ತರದಲ್ಲಿ ಒಂದು ಪುಟ್ಟ ದಿನದ ಟ್ಯಾಂಕ್ ಇಟ್ಟು, ದೊಡ್ಡ ಟ್ಯಾಂಕ್‌ಗಳಿಂದ ಫಿಲ್ಟರ್ ಮೂಲಕವೇ ಅದಕ್ಕೆ ಡೀಸೆಲ್ ಏರಿಸಿ. ಏರಿಸಿದ ಪ್ರಮಾಣವನ್ನು ಪ್ರತಿದಿನ ಬರೆದಿಟ್ಟರೆ ಖರ್ಚಿನ ಲೆಕ್ಕವೂ ಸಿಗುತ್ತದೆ.

ನೌಕಾವಿನ್ಯಾಸ ಬರೆದಿದ್ದಾರೆ:

ಡೆಕ್ ಮೇಲಿನ ರಬ್ಬರ್ ಚೀಲದ ಬಗ್ಗೆ ನಾನು ಸ್ಪಷ್ಟವಾಗಿ ಎಚ್ಚರಿಸಬೇಕು. ಹಲವರು ಹಾಗೆ ಒಯ್ದು ಸುರಕ್ಷಿತವಾಗಿ ತಲುಪಿದ್ದಾರೆ ಎಂಬುದು ನಿಜವೇ. ಆದರೆ ಚೀಲ ಅರ್ಧ ಖಾಲಿಯಾದಾಗ ಒಳಗಿನ ಡೀಸೆಲ್ ದೋಣಿ ವಾಲಿದ ಕಡೆಗೇ ಹರಿದು, ವಾಲುವಿಕೆಗೆ ತನ್ನ ಭಾರವನ್ನೂ ಸೇರಿಸುತ್ತದೆ. ಟ್ಯಾಂಕ್‌ಗಳಲ್ಲಿಯೂ ಇದೇ ಆಗುತ್ತದೆ. ಈ ಪರಿಣಾಮ ಟ್ಯಾಂಕ್‌ನ ಅಗಲದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ, ಅಗಲವಾದ ಒಂದು ಟ್ಯಾಂಕ್‌ನ ನಡುವೆ ಉದ್ದಕ್ಕೆ ಗೋಡೆ ಕಟ್ಟಿ ಎರಡು ಮಾಡಿದರೆ ತೊಂದರೆ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹೆಚ್ಚುವರಿ ಡೀಸೆಲ್ ಬೇಕೇ ಬೇಕೆಂದಾದರೆ ಅದು ನೆಲಹಾಸಿನ ಕೆಳಗೆ, ದೋಣಿಯ ಉದ್ದದ ನಡುಭಾಗದಲ್ಲಿ, ಕಿರಿದಾದ ಗಟ್ಟಿ ಟ್ಯಾಂಕ್‌ಗಳಲ್ಲಿರಲಿ. ಹೊರಟ ಮೊದಲ ದಿನಗಳಲ್ಲೇ ಅವನ್ನು ಒಂದೊಂದಾಗಿ ಪೂರ್ತಿ ಖಾಲಿ ಮಾಡಿ.

ಎರಡನೆಯದು ನೀರು ಒಳನುಗ್ಗುವ ದಾರಿಗಳು. ನೀವು ವಿವರಿಸಿದಂಥ ದೋಣಿಗಳು ಸಾಮಾನ್ಯವಾಗಿ ಯುರೋಪಿನ ವರ್ಗೀಕರಣದಲ್ಲಿ ಬಿ ವರ್ಗಕ್ಕೆ ಸೇರಿರುತ್ತವೆ: ಬ್ಯೂಫರ್ಟ್ ಮಾಪನದ 8ರವರೆಗಿನ (ಸುಮಾರು 40 ನಾಟ್‌ವರೆಗಿನ) ಗಾಳಿ, 4 ಮೀಟರ್‌ವರೆಗಿನ ಅಲೆ. ಎ ವರ್ಗವು ಅದಕ್ಕೂ ಮೀರಿದ ಹವೆಗೆ. ತಯಾರಕರ ಫಲಕವನ್ನು ಓದಿ ನೋಡಿ. ಆದರೆ ಫಲಕ ಹೇಳದ ಸಂಗತಿಯೊಂದಿದೆ. ನಿಮ್ಮ ಹಿಂಬದಿಯ ತೆರೆದ ಡೆಕ್ 3 ಮೀಟರ್ ಉದ್ದ, 2.5 ಮೀಟರ್ ಅಗಲ, 60 ಸೆಂಟಿಮೀಟರ್ ಆಳವಿದೆ ಎಂದಿಟ್ಟುಕೊಳ್ಳಿ. ಹಿಂದಿನಿಂದ ಬಂದ ಒಂದು ಅಲೆ ಅದನ್ನು ತುಂಬಿದರೆ 4.6 ಟನ್ ನೀರು, ಅಂದರೆ ದೋಣಿಯ ತೂಕದ ಮೂರನೆಯ ಒಂದು ಭಾಗ, ಅದೂ ಹಿಂತುದಿಯಲ್ಲೇ. ಆ ನೀರು ಹೊರಹೋಗಲು ಅಂಗೈ ಅಗಲದ ಎರಡು ತೂತುಗಳಿದ್ದು, ಅದರ ಮತ್ತು ಒಳಗಿನ ಕೂರುವ ಕೋಣೆಯ ನಡುವೆ ಜಾರುವ ಗಾಜಿನ ಬಾಗಿಲು ಮಾತ್ರ ಇದ್ದರೆ, ಅದನ್ನು ಸಾಗರಕ್ಕೆ ಸಿದ್ಧವಾದ ದೋಣಿಯೆಂದು ನಾನು ಕರೆಯಲಾರೆ. ತೂತುಗಳನ್ನು ಹಲವು ಪಟ್ಟು ದೊಡ್ಡದು ಮಾಡಿಸಬೇಕು, ಬಾಗಿಲಿನ ಹೊಸ್ತಿಲನ್ನು ಎತ್ತರಿಸಬೇಕು, ದೊಡ್ಡ ಕಿಟಕಿಗಳಿಗೂ ಆ ಬಾಗಿಲಿಗೂ 12 ಮಿಲಿಮೀಟರ್ ಪಾಲಿಕಾರ್ಬೊನೇಟ್ ಹಲಗೆಗಳನ್ನು ಅಳತೆಗೆ ಕತ್ತರಿಸಿ, ಬೋಲ್ಟ್ ಹಾಕಲು ತೂತು ಕೊರೆದು, ಬಂದರಿನಲ್ಲೇ ಒಮ್ಮೆ ಕೂರಿಸಿ ನೋಡಿರಬೇಕು.

ಇಂಜಿನ್‌ಗೆ ಗಾಳಿ ಎಳೆಯುವ ಜಾಲರಿಗಳು ದೋಣಿಯ ಪಕ್ಕದಲ್ಲಿ, ಡೆಕ್‌ಗಿಂತ ಸ್ವಲ್ಪವೇ ಕೆಳಗಿದ್ದರೆ ಅವನ್ನು ಮೊದಲು ನೋಡಿ. ಅಂಥ ದೋಣಿ ವಾಲಿದಾಗ ನೀರು ಕುಡಿಯುವುದು ಅಲ್ಲಿಂದಲೇ. ಕಿಟಕಿ ಒಡೆಯುವ ಭಯ ಎಲ್ಲರಿಗೂ ಇರುತ್ತದೆ, ಜಾಲರಿಯನ್ನು ಯಾರೂ ನೋಡುವುದಿಲ್ಲ.

ತೆರೆಮಿತ್ರ ಬರೆದಿದ್ದಾರೆ:

ಮೂವರಿಗೂ ಧನ್ಯವಾದಗಳು. ಜಾಲರಿಗಳು ನೀವು ಹೇಳಿದಂತೆಯೇ ಪಕ್ಕದಲ್ಲಿವೆ. ನಿನ್ನೆಯಷ್ಟೇ ಅಳೆದೆ, ದೋಣಿ ತುಂಬಿದಾಗ ನೀರಿನಿಂದ 70 ಸೆಂಟಿಮೀಟರ್ ಮೇಲಿವೆ. ಹಿಂಬದಿಯ ಡೆಕ್ ನೀವು ಊಹಿಸಿದ್ದಕ್ಕಿಂತ ತುಸು ದೊಡ್ಡದೇ.

ಡೀಸೆಲ್ ಅಳತೆಯನ್ನೂ ಮಾಡಿದೆ. ಗಂಟೆಗೆ ಆದ ಖರ್ಚು, ಎರಡೂ ಇಂಜಿನ್ ಸೇರಿ: 8 ನಾಟ್‌ನಲ್ಲಿ 19 ಲೀಟರ್, 7 ನಾಟ್‌ನಲ್ಲಿ 11 ಲೀಟರ್, 6 ನಾಟ್‌ನಲ್ಲಿ 6.5 ಲೀಟರ್. 18 ನಾಟ್‌ನಲ್ಲಿ ಸುಮಾರು 110 ಲೀಟರ್ ಎಂದು ಮೊದಲೇ ಗೊತ್ತಿತ್ತು. ಆರು ನಾಟ್‌ಗೆ ಇಳಿದರೆ ಇಷ್ಟು ಉಳಿಯುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಮೈಲಿಗೆ 1.08 ಲೀಟರ್ ಎಂದಾದರೆ ಕೆರಿಬಿಯನ್‌ವರೆಗಿನ 2,700 ನಾಟಿಕಲ್ ಮೈಲಿಗೆ 2,900 ಲೀಟರ್ ಸಾಕಲ್ಲವೇ?

ನಿಧಾನಯಾನಿ ಬರೆದಿದ್ದಾರೆ:

ಸಾಕಾಗದು. ನೀವು ಅಳೆದದ್ದು ಶಾಂತ ನೀರಿನಲ್ಲಿ, ಹಗುರವಾದ ದೋಣಿಯಲ್ಲಿ. ಭಾರ ಹೊತ್ತು, ಅಲೆಯಲ್ಲಿ, ತಳಕ್ಕೆ ಪಾಚಿ ಹಿಡಿದಾಗ ಕಾಲು ಭಾಗ ಹೆಚ್ಚೆಂದು ಹಿಡಿಯಿರಿ: ಮೈಲಿಗೆ 1.35 ಲೀಟರ್. ಅದರಂತೆ 3,645 ಲೀಟರ್. ತಲುಪಿದಾಗ ಟ್ಯಾಂಕ್‌ನಲ್ಲಿ ಐದನೆಯ ಒಂದು ಭಾಗ ಉಳಿದಿರಬೇಕೆಂಬ ನಿಯಮ ಸೇರಿಸಿದರೆ ಹೊರಡುವಾಗ 4,550 ಲೀಟರ್ ಇರಬೇಕು. ನಿಮ್ಮಲ್ಲಿರುವುದಕ್ಕಿಂತ 2,950 ಲೀಟರ್ ಹೆಚ್ಚು, ತೂಕದಲ್ಲಿ ಎರಡೂವರೆ ಟನ್. ಅಷ್ಟು ಹೊತ್ತ ದೋಣಿ ನೀರಿನಲ್ಲಿ ಇನ್ನಷ್ಟು ಇಳಿಯುತ್ತದೆ; ನಿಮ್ಮ ಜಾಲರಿಗಳ 70 ಸೆಂಟಿಮೀಟರ್ ಕೂಡ ಕಡಿಮೆಯಾಗುತ್ತದೆ.

ಇದೇ ಲೆಕ್ಕವನ್ನು ಪೂರ್ವಾಭಿಮುಖವಾದ, ನಡುವೆ ನಿಲ್ಲಲು ದ್ವೀಪಗಳಿರುವ ದಾರಿಗೆ ಹಾಕಿ ನೋಡಿ. 2004ರಲ್ಲಿ 18 ಮೋಟಾರ್ ದೋಣಿಗಳು ಗುಂಪಾಗಿ ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಿಂದ ಬರ್ಮುಡಾ, ಹೋರ್ಟಾ ಮಾರ್ಗವಾಗಿ ಜಿಬ್ರಾಲ್ಟರ್‌ಗೆ ಹೋದವು. ಆ ದಾರಿಯ ಅತಿ ಉದ್ದದ ಓಟ ಬರ್ಮುಡಾದಿಂದ ಹೋರ್ಟಾಗೆ, ಸುಮಾರು 1,800 ಮೈಲಿ. ನಿಮಗೆ ಬೇಕಾಗುವುದು 3,040 ಲೀಟರ್, ಅಂದರೆ 1,440 ಲೀಟರ್ ಹೆಚ್ಚು. ಇದನ್ನು ನೆಲಹಾಸಿನ ಕೆಳಗೆ ಹೊಂದಿಸುವುದು ಸಾಧ್ಯವಾಗಬಹುದು. ಕೆರಿಬಿಯನ್ ದಾರಿಯದ್ದು ಆಗದು.

ಸಾಗುವಾಗ ಇನ್ನೊಂದು ರೂಢಿಯನ್ನು ಇಟ್ಟುಕೊಳ್ಳಿ. ಅಮೆರಿಕದ ನೌಕಾಪಡೆಯ ಅಧಿಕಾರಿಯೂ ವಿಮಾನ ಚಾಲಕರೂ ಆಗಿದ್ದ ರಾಬರ್ಟ್ ಬೀಬಿ, 1963ರಲ್ಲಿ ಸಿಂಗಪುರದಲ್ಲಿ ಕಟ್ಟಿಸಿದ ತಮ್ಮ 50 ಅಡಿಯ 'ಪ್ಯಾಸೇಜ್‌ಮೇಕರ್'ನಲ್ಲಿ ವಿಮಾನದವರ ಪದ್ಧತಿಯನ್ನೇ ಅನುಸರಿಸಿದರು: ಉಳಿದ ದೂರವನ್ನೂ ಉಳಿದ ಇಂಧನವನ್ನೂ ಒಂದೇ ಗ್ರಾಫ್‌ನ ಮೇಲೆ ಗೆರೆಯಾಗಿ ಎಳೆಯುವುದು. ಉಳಿದ ಇಂಧನದ ಪ್ರತಿದಿನದ ಬಿಂದು ಗೆರೆಯ ಕೆಳಗೆ ಬಿದ್ದರೆ ಅಂದೇ ಅರ್ಧ ನಾಟ್ ಇಳಿಸಬೇಕು. ನಾಳೆಗೆ ಮುಂದೂಡಬಾರದು.

ಹಳೆಯ ಚುಕ್ಕಾಣಿ ಬರೆದಿದ್ದಾರೆ:

ಗೈರೋ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೆಯ ಯಂತ್ರವೇ, ಆದರೆ ಅದರ ಚಕ್ರ ತಿರುಗುತ್ತಲೇ ಇರಲು ವಿದ್ಯುತ್ ಬೇಕು, ವಿದ್ಯುತ್‌ಗೆ ಜನರೇಟರ್ ಹಗಲಿರುಳೂ ಓಡಬೇಕು. ಗಂಟೆಗೆ 2 ಲೀಟರ್‌ನಂತೆ 450 ಗಂಟೆಗೆ 900 ಲೀಟರ್; ನಿಮ್ಮ ಈಗಿನ ಟ್ಯಾಂಕ್‌ಗಳ ಅರ್ಧಕ್ಕಿಂತ ಹೆಚ್ಚು. ಉರುಳಾಟ ತಡೆಯುವ ನೀರಿನಡಿಯ ರೆಕ್ಕೆಗಳಾದರೂ ಅಷ್ಟೇ ಸಂದೇಹಾಸ್ಪದ, ಏಕೆಂದರೆ ರೆಕ್ಕೆಯ ಬಲ ವೇಗದ ವರ್ಗಕ್ಕೆ ತಕ್ಕಂತಿರುತ್ತದೆ. 18 ನಾಟ್‌ಗೆ ಲೆಕ್ಕ ಹಾಕಿ ಕೂರಿಸಿದ ರೆಕ್ಕೆ 6 ನಾಟ್‌ನಲ್ಲಿ ಒಂಬತ್ತನೆಯ ಒಂದು ಭಾಗದಷ್ಟೇ ಕೆಲಸ ಮಾಡುತ್ತದೆ.

ನನ್ನ ಆಯ್ಕೆ ಮೀನುಗಾರಿಕಾ ದೋಣಿಗಳಿಂದ ಬಂದ ಹಳೆಯ ಉಪಾಯ. ಎರಡೂ ಬದಿಗೆ ಉದ್ದನೆಯ ಕಂಬಗಳನ್ನು ಚಾಚಿ, ಪ್ರತಿ ಕಂಬದಿಂದ ಹಗ್ಗ ಅಥವಾ ಸರಪಳಿಯಲ್ಲಿ ಲೋಹದ 'ಮೀನು'ಗಳನ್ನು ನೀರಿನೊಳಗೆ ಇಳಿಬಿಡುವುದು. ದೋಣಿ ಒಂದು ಬದಿಗೆ ಉರುಳಲು ಹೊರಟಾಗ ಇನ್ನೊಂದು ಬದಿಯ ಮೀನು ಮೇಲೇರಲು ಒಪ್ಪದೆ ಹಿಡಿದೆಳೆಯುತ್ತದೆ. ವಿದ್ಯುತ್ ಬೇಡ, ಮೋಟಾರ್ ಬೇಡ. ಸುಮಾರು ಅರ್ಧ ನಾಟ್ ವೇಗ ಕಳೆದುಕೊಳ್ಳುತ್ತೀರಿ. ಆದರೆ ಆ ಎಳೆತವನ್ನು ತಡೆದುಕೊಳ್ಳಲು ಕಂಬದ ಬುಡದಲ್ಲಿ ದೋಣಿಯ ಮೈಗೆ ದಪ್ಪ ಬಲವರ್ಧನೆ ಹಾಕಿಸಲೇಬೇಕು, ಬರೀ ರೇಲಿಂಗ್‌ಗೆ ಕಟ್ಟಿದರೆ ರೇಲಿಂಗ್ ಕಿತ್ತು ಬರುತ್ತದೆ.

ನನಗೆ ಇದಕ್ಕಿಂತ ಹೆಚ್ಚಿನ ಚಿಂತೆ ನಿಮ್ಮ ಚಪ್ಪಟೆ ಹಿಂಭಾಗದ್ದು. ನೀವು ಹೇಳುವ ಎರಡೂ ದಾರಿಗಳಲ್ಲಿ ಗಾಳಿ ಹೆಚ್ಚಿನಂಶ ಹಿಂದಿನಿಂದಲೇ ಬರುತ್ತದೆ. ಅಲೆ ಅಗಲವಾದ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ, ಆಳವಾದ ಮುಂಭಾಗ ನೀರಿಗೆ ಕಚ್ಚಿ ಹಿಡಿಯುತ್ತದೆ, ದೋಣಿ ಗಿರ್ರನೆ ಅಲೆಗೆ ಅಡ್ಡವಾಗುತ್ತದೆ. ವೇಗದ ದೋಣಿಗಳ ಚುಕ್ಕಾಣಿ ಪುಟ್ಟದಾಗಿರುವುದರಿಂದ 6 ನಾಟ್‌ನಲ್ಲಿ ಅದಕ್ಕೆ ತಡೆಯುವ ಶಕ್ತಿಯಿರುವುದಿಲ್ಲ. ಚುಕ್ಕಾಣಿಯ ಅಗಲ ಹೆಚ್ಚಿಸುವುದು, ಅದರ ಜೊತೆಗೇ ಸ್ಟೀರಿಂಗ್ ಸಿಲಿಂಡರನ್ನೂ ಆಟೋಪೈಲಟನ್ನೂ ಬಲವಾದದ್ದಕ್ಕೆ ಬದಲಿಸುವುದು ಇಂಜಿನ್‌ಗಿಂತ ಮುಂಚಿನ ಕೆಲಸ. ಕೊನೆಯ ಆಸರೆಯಾಗಿ ಹಿಂಬದಿಯಿಂದ ಎಳೆದೊಯ್ಯುವ ಜೋರ್ಡನ್ ಡ್ರೋಗ್ ಒಂದನ್ನು ಇಟ್ಟುಕೊಳ್ಳಿ: ಹಗ್ಗಕ್ಕೆ ಸಾಲಾಗಿ ಕಟ್ಟಿದ ಬಟ್ಟೆಯ ಪುಟ್ಟ ಬಟ್ಟಲುಗಳು ದೋಣಿಯ ವೇಗ ತಗ್ಗಿಸಿ ಅದು ಅಲೆಗೆ ಅಡ್ಡವಾಗದಂತೆ ಹಿಡಿಯುತ್ತವೆ.

ತೆರೆಮಿತ್ರ ಬರೆದಿದ್ದಾರೆ:

ಒಂದು ಸಂದೇಹ. ಎರಡು ಇಂಜಿನ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದಿದೆ ಎಂದುಕೊಂಡಿದ್ದೆ. ಡೀಸೆಲ್ ಉಳಿಸಲು ದಿನಕ್ಕೊಂದರಂತೆ ಸರದಿಯಲ್ಲಿ ಒಂದೇ ಇಂಜಿನ್ ಓಡಿಸಬಹುದೇ?

ಇಂಜಿನ್‌ಕೋಣೆ ಬರೆದಿದ್ದಾರೆ:

ಓಡಿಸಬಹುದು, ಓಡಿಸುವುದೇ ಒಳ್ಳೆಯದು. 6 ನಾಟ್‌ನಲ್ಲಿ ನಿಮ್ಮ ಎರಡೂ ಇಂಜಿನ್‌ಗಳು ತಮ್ಮ ಶಕ್ತಿಯ ಶೇ. 5ರಷ್ಟನ್ನೂ ಬಳಸುತ್ತಿಲ್ಲ. ಅಷ್ಟು ಕಡಿಮೆ ಹೊರೆಯಲ್ಲಿ ವಾರಗಟ್ಟಲೆ ಓಡಿದರೆ ಒಳಗೆ ಬಿಸಿ ಸಾಲದೆ ಮಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆ ನುಣುಪಾಗಿ ಎಣ್ಣೆ ತಿನ್ನಲು ಆರಂಭಿಸುತ್ತದೆ. ಒಂದನ್ನೇ ಓಡಿಸಿದರೆ ಅದರ ಹೊರೆ ಇಮ್ಮಡಿಯಾಗುತ್ತದೆ.

ಆದರೆ ನಿಂತ ಇಂಜಿನ್‌ನ ಪ್ರೊಪೆಲ್ಲರ್ ನೀರಿನ ಹರಿವಿಗೆ ತಾನಾಗಿಯೇ ತಿರುಗುತ್ತಿರುತ್ತದೆ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯ ಪಂಪ್ ಇಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುವುದರಿಂದ ಒಳಗಿನ ಬೇರಿಂಗ್‌ಗಳು ಎಣ್ಣೆಯಿಲ್ಲದೆ ಸುಡುತ್ತವೆ. ಪ್ರೊಪೆಲ್ಲರ್‌ನ ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿರುವ ಸೀಲ್‌ಗೆ ಇಂಜಿನ್‌ನ ಪಂಪಿನಿಂದ ನೀರು ಬರುತ್ತಿದ್ದರೆ ಅದೂ ಒಣಗುತ್ತದೆ. ನಿಮ್ಮ ಗೇರ್‌ಬಾಕ್ಸ್‌ನ ಕೈಪಿಡಿ ಏನು ಹೇಳುತ್ತದೋ ನೋಡಿ, ಬೇಕಿದ್ದರೆ ಶಾಫ್ಟ್ ತಿರುಗದಂತೆ ಬಂಧಿಸುವ ಬೀಗ ಮಾಡಿಸಿ; ಎರಡು ಸೀಲ್‌ಗಳ ನಡುವೆ ನೀರಿನ ಕೊಳವೆಯೊಂದನ್ನು ಜೋಡಿಸಿ. ಹಿಂದಿನಿಂದ ಬರುವ ಅಲೆ ನಿಂತ ಇಂಜಿನ್‌ನ ಹೊಗೆ ಕೊಳವೆಯೊಳಗೆ ನೀರು ನುಗ್ಗಿಸದಂತೆ ಕೊಳವೆಯ ಬಾಯಿಗೆ ಮುಚ್ಚಳವೂ ಬೇಕು.

ಇನ್ನು ಎರಡು ಇಂಜಿನ್‌ಗಳ ಭರವಸೆ: ಎರಡೂ ಒಂದೇ ಟ್ಯಾಂಕ್‌ನ ಕೊಳಕು ಡೀಸೆಲ್ ಕುಡಿದರೆ ಹತ್ತು ನಿಮಿಷದ ಅಂತರದಲ್ಲಿ ಎರಡೂ ನಿಲ್ಲುತ್ತವೆ. ಟ್ಯಾಂಕ್‌ಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ, ನಡುವಿನ ವಾಲ್ವ್ ಸದಾ ಮುಚ್ಚಿರಲಿ.

ತೆರೆಮಿತ್ರ ಬರೆದಿದ್ದಾರೆ:

ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ. ಎಡಗಡೆಯ ಟ್ಯಾಂಕ್‌ಗೆ ಮೂರು ಮುಚ್ಚಳ ಕೊರೆಸಿ ಒಳಗೆ ದೀಪ ಹಿಡಿದು ನೋಡಿದೆ. ಮೊದಲ ಕೋಣೆ ಸ್ವಚ್ಛವಾಗಿತ್ತು, ಡೀಸೆಲ್‌ನ ಮೂಲಕ ತಳದ ಬೆಸುಗೆ ಗೆರೆ ಕಾಣುತ್ತಿತ್ತು. ಮೂರನೆಯ ಕೋಣೆಯ ತಳ ಕಾಣಲೇ ಇಲ್ಲ. ಕೋಲು ಇಳಿಸಿದರೆ ತುದಿಯಲ್ಲಿ ನಾಲ್ಕು ಸೆಂಟಿಮೀಟರ್ ಕಪ್ಪು ಲೋಳೆ ಅಂಟಿಕೊಂಡು ಬಂತು. ಹತ್ತು ವರ್ಷ ಇದರ ಮೇಲೇ ಕೂತು ಓಡಾಡಿದ್ದೇನೆ.

ಕೆರಿಬಿಯನ್ ದಾರಿಯನ್ನು ಈ ದೋಣಿಯಲ್ಲಿ ಮಾಡುವ ಯೋಚನೆ ಬಿಟ್ಟಿದ್ದೇನೆ. ಗೈರೋ, ಹೊಸ ಇಂಜಿನ್, ಡೆಕ್ ಮೇಲಿನ ಚೀಲ ಮೂರನ್ನೂ ಪಟ್ಟಿಯಿಂದ ತೆಗೆದಾಯಿತು. ಟ್ಯಾಂಕ್‌ಗಳ ಶುಚಿ, ಜೋಡಿ ಫಿಲ್ಟರ್, ಗಾಳಿಯ ಜಾಲರಿಗಳನ್ನು ಮೇಲಿನ ಕ್ಯಾಬಿನ್ ಗೋಡೆಗೆ ಏರಿಸುವುದು, ನೀರು ಹೋಗುವ ತೂತುಗಳು, ದೊಡ್ಡ ಚುಕ್ಕಾಣಿ, ಕಂಬ ಮತ್ತು ಮೀನುಗಳು: ಈ ವರ್ಷಕ್ಕೆ ಇಷ್ಟೇ. ಆಮೇಲೆ 48 ಗಂಟೆಗಳ ತೆರೆದ ಸಮುದ್ರದ ಓಟವೊಂದನ್ನು ಮಾಡಿ, ಅಲ್ಲಿ ಸಿಗುವ ಅಂಕಿ 1.35ರೊಳಗೆ ಬಂದರೆ ಮಾತ್ರ ನೆಲಹಾಸಿನ ಕೆಳಗಿನ ಟ್ಯಾಂಕ್‌ಗಳ ಮಾತು ತೆಗೆಯುತ್ತೇನೆ. ಬರದಿದ್ದರೆ ದೋಣಿಯನ್ನು ಸರಕು ಹಡಗಿನ ಡೆಕ್ ಮೇಲೆ ಕಳಿಸಿ, ನಾನು ವಿಮಾನದಲ್ಲಿ ಹೋಗುತ್ತೇನೆ.

ಇಂಜಿನ್‌ಕೋಣೆ ಬರೆದಿದ್ದಾರೆ:

ಆ 48 ಗಂಟೆಗಳ ಓಟಕ್ಕೆ ಟ್ಯಾಂಕ್ ತುಂಬಿಸಿಕೊಂಡು ಹೊರಡಬೇಡಿ. ಹವೆಯ ಮುನ್ಸೂಚನೆ ಚೆನ್ನಾಗಿರುವಾಗ, ದಡಕ್ಕೆ ಸಮೀಪದಲ್ಲೇ ಸುತ್ತುತ್ತ, ಮರಳಿ ಬರಲು ಬೇಕಾದಷ್ಟನ್ನು ಬಲಗಡೆಯ ಟ್ಯಾಂಕ್‌ನಲ್ಲಿ ಉಳಿಸಿಕೊಂಡು, ಎಡಗಡೆಯದನ್ನು ಮೂರನೆಯ ಒಂದು ಭಾಗಕ್ಕಿಳಿಸಿ ಓಡಿಸಿ. ಡೀಸೆಲ್ ಅಷ್ಟಿರುವಾಗಲೇ ಅದು ಗೋಡೆಗೆ ಬಡಿದು ತಳ ಕಲಕುವುದು. ಪ್ರತಿ ಮೂರು ಗಂಟೆಗೊಮ್ಮೆ ಗೇಜ್ ಓದಿ ಬರೆದುಕೊಳ್ಳಿ, ಆ ಅಂಕಿಗಳನ್ನು ಇಲ್ಲಿ ಹಾಕಿ, ನೋಡೋಣ.